ಅಜ್ಜನ ಹಳೇ ಡಯಾನಾ 27 ಏರ್‌ಗನ್: ಮನೆಯಲ್ಲೇ ಬಿಚ್ಚಿ ಸರಿ ಮಾಡಬಹುದಾ?

ಪೆರ್ಲದ ತೋಟದವ:

ಎಲ್ಲರಿಗೂ ನಮಸ್ಕಾರ. ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮಳೆ ಹಿಡಿಯುವ ಮೊದಲು ಹಳೇ ಮನೆಯ ಹಂಚು ಇಳಿಸುವಾಗ ಅಟ್ಟದ ಮೂಲೆಯಲ್ಲಿ ಗೋಣಿ ಸುತ್ತಿಟ್ಟ ಒಂದು ಏರ್‌ಗನ್ ಸಿಕ್ಕಿತು. ಅಜ್ಜನದ್ದು. ಅಜ್ಜ ಸಣ್ಣ ಪ್ರಾಯದಲ್ಲಿ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದರು, ಊರಿಗೆ ವಾಪಸ್ ಬರುವಾಗ ತಂದದ್ದಂತೆ. ನಾನು ಸಣ್ಣವನಿರುವಾಗ ಇದು ಚಾವಡಿಯ ಗೋಡೆಯಲ್ಲಿ ಎರಡು ಮೊಳೆಗಳ ಮೇಲೆ ಮಲಗಿರುತ್ತಿದ್ದದ್ದು ನೆನಪುಂಟು. ನಮಗೆ ಮುಟ್ಟಲು ಬಿಡುತ್ತಿರಲಿಲ್ಲ.

ಸಿಲಿಂಡರಿನ ಮೇಲೆ ಒಂದು ಹೆಂಗಸಿನ ಚಿತ್ರ ಇದೆ, ಒಂದು ಕೈಯಲ್ಲಿ ಕೋವಿ ಎತ್ತಿ ಹಿಡಿದು ಬಿಲ್ಲನ್ನು ಎಸೆಯುತ್ತಿದ್ದಾಳೆ, ಡಯಾನಾ ಕಂಪೆನಿಯ ಗುರುತು ಅದು. ಹತ್ತಿರದಲ್ಲೇ 27 ಎಂಬ ನಂಬರ್. ಹಿಂದುಗಡೆ ಸಣ್ಣಕ್ಕೆ 07 58 ಎಂದು ಒತ್ತಿದೆ. ಬ್ಯಾರಲ್ ಮಡಚಿ ಎಳೆಯುವ ಜಾತಿ.

ಈಗ ಅದರ ಸ್ಥಿತಿ ಹೇಳುತ್ತೇನೆ. ಬ್ಯಾರಲ್ ಎಳೆದರೆ ಒಳಗೆ ಕರಕರ ಅನ್ನುತ್ತದೆ. ಹೊಡೆದರೆ ಹಳೇ ಸೋಫಾದ ಸ್ಪ್ರಿಂಗ್ ಬಡಿದ ಹಾಗೆ ಟೊಂಯ್ ಅಂತ ಉದ್ದಕ್ಕೆ ಸದ್ದು. ಐದು ಮೀಟರಿನಲ್ಲಿಟ್ಟ ರಟ್ಟಿನ ಪೆಟ್ಟಿಗೆಗೆ ಪೆಲೆಟ್ ತಾಗಿ ಕೆಳಗೆ ಬಿತ್ತು, ತೂತೇ ಆಗಲಿಲ್ಲ. ಹತ್ತಿರದ ಪೇಟೆಯಲ್ಲಿ ಒಬ್ಬರಿಗೆ ತೋರಿಸಿದೆ, ಅವರು ಬ್ಯಾರಲ್ ಮಡಚಿ ಸಿಲಿಂಡರಿನಿಂದ ಗಾಳಿ ಬರುವ ಸಣ್ಣ ತೂತಿಗೆ ತೆಂಗಿನೆಣ್ಣೆ ಬಿಟ್ಟು ಕೊಟ್ಟರು. ಅದರ ಮೇಲೆ ಹೊಡೆದಾಗ ಗರ್ನಾಲಿನ ಹಾಗೆ ಒಂದು ದೊಡ್ಡ ಶಬ್ದ, ಬಾಯಿಯಲ್ಲಿ ಹೊಗೆ, ಸುಟ್ಟ ವಾಸನೆ. ಆ ಒಂದು ಪೆಲೆಟ್ ಮಾತ್ರ ಪೆಟ್ಟಿಗೆಯ ಎರಡೂ ಬದಿ ತೂತು ಮಾಡಿ ಹೋಯಿತು! ನಾಲ್ಕು ಹೊಡೆತ ಹಾಗೆ ಹೋಗಿ ಮತ್ತೆ ಮೊದಲಿನದ್ದೇ ಕಥೆ.

ಕಬ್ಬಿಣಕ್ಕೆಲ್ಲ ಕೆಂಪು ತುಕ್ಕು ಹಿಡಿದಿದೆ. ಮರ ಒಣಗಿದೆ, ಆದರೆ ಒರಲೆ ಹಿಡಿದಿಲ್ಲ, ಅದು ಪುಣ್ಯ.

ನನ್ನ ಪ್ರಶ್ನೆ ಇಷ್ಟು. ಇದನ್ನು ಮನೆಯಲ್ಲೇ ಬಿಚ್ಚಬಹುದಾ? ಸ್ಪ್ರಿಂಗ್ ಹಳತಾಗಿದೆ ಅಂತ ಕಾಣುತ್ತದೆ, ಇನ್ನೂ ಗಟ್ಟಿಯಾದ ಸ್ಪ್ರಿಂಗ್ ಹಾಕಿದರೆ ಜೋರು ಬರುತ್ತದಾ? ಯಾವ ಎಣ್ಣೆ ಬಿಡಬೇಕು? ತಮ್ಮ ಹೇಳುವುದು ಸರಿ ಮಾಡಿದರೆ ಮಂಗಗಳಿಗೆ ಆಗುತ್ತದೆ ಅಂತ. ನನಗೆ ಹಾಗಿಲ್ಲ. ಒಂಬತ್ತನೇ ಕ್ಲಾಸಿನ ಮಗಳಿಗೆ ಗುರಿ ಹೊಡೆಯುವುದರಲ್ಲಿ ತುಂಬಾ ಆಸಕ್ತಿ, ಅವಳಿಗೆ ಅಜ್ಜನ ಕೋವಿಯಲ್ಲೇ ಕಲಿಸಬೇಕು ಅಂತ ಆಸೆ.

ಹೊಸಂಗಡಿ ಲೇತ್:

ಮೊದಲು ಹೊಡೆಯುವುದನ್ನು ನಿಲ್ಲಿಸಿ. ಇವತ್ತೇ.

ನೀವು ಕೇಳಿದ ಆ ದೊಡ್ಡ ಶಬ್ದ ಏನು ಅಂದರೆ, ಎಣ್ಣೆ ಉರಿದದ್ದು. ಟ್ರಿಗರ್ ಎಳೆದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ, ಪಿಸ್ಟನ್ ಎದುರಿನ ಗಾಳಿ ಒಂದು ಕ್ಷಣದೊಳಗೆ ತೀರಾ ಸಣ್ಣ ಜಾಗಕ್ಕೆ ಒತ್ತಿ ಬಿಸಿಯಾಗುತ್ತದೆ. ಅಲ್ಲಿ ಎಣ್ಣೆ ಇದ್ದರೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್ ಪ್ಲಗ್ ಇಲ್ಲದೆ ಉರಿಯುವುದು ಹೇಗೋ ಹಾಗೆಯೇ, ಅದಕ್ಕೇ ಇದಕ್ಕೆ ಡೀಸಲಿಂಗ್ ಅನ್ನುವುದು. ಪೆಲೆಟ್ ಜೋರು ಹೋಗುತ್ತದೆ ನಿಜ, ಆದರೆ ಅದೇ ಸ್ಫೋಟ ಪಿಸ್ಟನ್ನನ್ನು ಹಿಂದಕ್ಕೂ ಒದೆಯುತ್ತದೆ. ಸ್ಪ್ರಿಂಗ್ ತುಂಡಾಗುವುದು, ವಾಷರ್ ಸುಟ್ಟು ಹೋಗುವುದು ಎಲ್ಲ ಹಾಗೆಯೇ. ತೆಂಗಿನೆಣ್ಣೆಯ ಇನ್ನೊಂದು ತೊಂದರೆ, ಅದು ದಿನ ಹೋದ ಹಾಗೆ ಅಂಟಾಗುತ್ತದೆ. 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯೂ ಆಗುತ್ತದೆ, ಮಾಗಿಯ ಬೆಳಿಗ್ಗೆ ಬಾಟಲಿಯಲ್ಲಿ ನೋಡಿದ್ದೀರಲ್ಲಾ.

ಎರಡನೆಯದು, ಪೆಲೆಟ್ ಹಾಕದೆ ಖಾಲಿ ಹೊಡೆಯಬೇಡಿ. ಪೆಲೆಟ್ ಇದ್ದರೆ ಅದು ಗಾಳಿಯನ್ನು ಒಂದು ಕ್ಷಣ ತಡೆಯುತ್ತದೆ, ಪಿಸ್ಟನ್ ಆ ಗಾಳಿಯ ದಿಂಬಿನ ಮೇಲೆ ಬೀಳುತ್ತದೆ. ಇಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಹೋಗಿ ಬಡಿಯುತ್ತದೆ.

ಬಿಚ್ಚಬಹುದಾ ಅಂದರೆ ಬಿಚ್ಚಬಹುದು, 27 ಒಳ್ಳೆ ಕೋವಿ, ಬಿಚ್ಚಿ ಜೋಡಿಸಲೆಂದೇ ಮಾಡಿದ ಹಾಗಿದೆ. ಆದರೆ ಬರಿಗೈಯಲ್ಲಿ ಖಂಡಿತ ಬೇಡ. ಕಾಕ್ ಮಾಡದಿದ್ದರೂ, ಅಂದರೆ ಬ್ಯಾರಲ್ ಎಳೆದು ಹೊಡೆಯಲು ಸಿದ್ಧ ಮಾಡದಿದ್ದರೂ, ಒಳಗಿನ ಸ್ಪ್ರಿಂಗ್ ಒತ್ತಡದಲ್ಲೇ ಕೂತಿರುತ್ತದೆ. ಹಿಂದಿನ ಅಡ್ಡ ಪಿನ್ ಹೊಡೆದು ತೆಗೆದ ಕೂಡಲೇ ಟ್ರಿಗರ್ ಬ್ಲಾಕ್ (ಸ್ಪ್ರಿಂಗಿನ ಹಿಂದೆ ಟ್ರಿಗರ್ ಕೂತಿರುವ ಕಬ್ಬಿಣದ ತುಂಡು) ನಿಮ್ಮ ಎದೆಗೋ ಮುಖಕ್ಕೋ ಬರುತ್ತದೆ. ನಮ್ಮಲ್ಲಿಗೆ ಒಬ್ಬರು ಮುಂದಿನ ಎರಡು ಹಲ್ಲು ಹೋದ ಮೇಲೆ ಕೋವಿ ತಂದಿದ್ದರು.

ಸ್ಪ್ರಿಂಗ್ ಒತ್ತಿ ಹಿಡಿಯಲು ಒಂದು ಕ್ಲಾಂಪ್ ಮಾಡಿಕೊಳ್ಳಿ. ನಾಲ್ಕು ಅಡಿಯ ದಪ್ಪ ಹಲಗೆ ಸಾಕು, ಮನೆಯಲ್ಲಿ ಹಲಸಿನದ್ದು ಇದ್ದರೆ ಬಹಳ ಒಳ್ಳೆಯದು. ಒಂದು ತುದಿಗೆ ಗಟ್ಟಿ ಮರದ ಅಡ್ಡ, ಅದಕ್ಕೆ ರಬ್ಬರ್ ತುಂಡು, ಬ್ಯಾರಲಿನ ಬಾಯಿ ಅಲ್ಲಿ ಕೂರಬೇಕು. ಇನ್ನೊಂದು ತುದಿಯ ಅಡ್ಡದಲ್ಲಿ ನಟ್ ಕೂರಿಸಿ 12 ಮಿ.ಮೀ. ಥ್ರೆಡ್ ರಾಡ್ ಹಾಕಿ, ಅದು ತಿರುಗಿದ ಹಾಗೆ ಟ್ರಿಗರ್ ಬ್ಲಾಕನ್ನು ಒತ್ತಬೇಕು. ನಡುವೆ ಸಿಲಿಂಡರ್ ಎಗರದ ಹಾಗೆ ಸೈಕಲ್ ಟ್ಯೂಬಿನಲ್ಲಿ ಎರಡು ಕಡೆ ಬಿಗಿದು ಕಟ್ಟಿ. ಸ್ವಲ್ಪ ಒತ್ತಿ, ಪಿನ್ ಸಡಿಲ ಆಯಿತು ಅಂತ ಬೆರಳಿಗೆ ಗೊತ್ತಾಗುತ್ತದೆ, ಆಗ ಪಿನ್ ತೆಗೆದು ರಾಡನ್ನು ನಿಧಾನಕ್ಕೆ ಹಿಂದೆ ತಿರುಗಿಸಿ. ಸ್ಪ್ರಿಂಗ್ ಪೂರ್ತಿ ಸಡಿಲ ಆಗುವವರೆಗೆ ಕೋವಿಯ ಹಿಂದೆ ನಿಲ್ಲಬೇಡಿ, ಬದಿಯಲ್ಲಿ ನಿಂತು ತಿರುಗಿಸಿ.

ಮತ್ತೊಂದು. ಈ 27ರ ಟ್ರಿಗರಿನಲ್ಲಿ ಪಿಸ್ಟನ್ ರಾಡನ್ನು ಹಿಡಿಯುವುದು ಕೊಕ್ಕೆ ಅಲ್ಲ, ಮೂರು ಸಣ್ಣ ಉಕ್ಕಿನ ಗುಂಡುಗಳು. ಬ್ಲಾಕ್ ಹೊರಗೆ ಬಂದಾಗ ಅವು ಉದುರುತ್ತವೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ.

ಮುಳ್ಳೇರಿಯದ ಮೇಷ್ಟ್ರು:

ಬಿಚ್ಚುವ ಮೊದಲು ಒಂದು ವಿಷಯ ನೋಡಿಕೊಳ್ಳಿ. 27 ಎರಡು ಅಳತೆಯ ಬೋರಿನಲ್ಲಿ, ಅಂದರೆ ಬ್ಯಾರಲಿನ ಒಳತೂತಿನಲ್ಲಿ, ಬಂದಿದೆ, 4.5 ಮತ್ತು 5.5 ಮಿ.ಮೀ. ಬ್ಯಾರಲಿನ ಮೇಲೆ ಅಂಕೆ ಇರುತ್ತದೆ, ತುಕ್ಕಿನ ಅಡಿಯಲ್ಲಿ ಇದ್ದರೂ ಇರಬಹುದು, ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ನೋಡಿ. ನಮ್ಮ ದೇಶದಲ್ಲಿ 4.5 ಮಿ.ಮೀ. ಬೋರ್ ಇದ್ದು ಬಲ 20 ಜೌಲ್ ಒಳಗಿದ್ದರೆ ಲೈಸೆನ್ಸ್ ಬೇಡ, 2016ರ ಆಯುಧ ನಿಯಮದಲ್ಲಿ ಇದು ಇದೆ. 5.5 ಆದರೆ ಬೇಕು. ಅಜ್ಜನ ಕಾಲದಲ್ಲಿ ಯಾರೂ ಕೇಳಲಿಲ್ಲ ಅಂತ ಈಗ ಹೇಳಿದರೆ ನಡೆಯುವುದಿಲ್ಲ. 5.5 ಆಗಿದ್ದರೆ ಕೈ ಹಾಕದೆ ಮೊದಲು ಪೊಲೀಸ್ ಸ್ಟೇಷನ್ನಿನಲ್ಲೋ ಕಲೆಕ್ಟರೇಟಿನಲ್ಲೋ ವಿಚಾರಿಸಿ.

ಮಂಗನ ವಿಷಯ ತಮ್ಮನಿಗೆ ಸ್ಪಷ್ಟವಾಗಿ ಹೇಳಿಬಿಡಿ. ನಮ್ಮ ತೋಟಕ್ಕೂ ಬರುತ್ತವೆ, ಎಳನೀರು ಬಿಡಿ, ಸೀಯಾಳ ಆಗುವ ಮೊದಲೇ ಕಿತ್ತು ಎಸೆಯುತ್ತವೆ, ಕೊಕ್ಕೋ ಒಂದೂ ಉಳಿಯುವುದಿಲ್ಲ, ಸಿಟ್ಟು ಬರುವುದು ಸಹಜ. ಆದರೆ 2022ರ ತಿದ್ದುಪಡಿಯ ನಂತರ ನಮ್ಮ ಈ ಮಂಗ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಕೇಸಾದರೆ ಜೈಲು. ಕಾನೂನು ಬಿಟ್ಟರೂ, ಏರ್‌ಗನ್ ಪೆಲೆಟ್ ತಾಗಿದ ಮಂಗ ಅಲ್ಲೇ ಸಾಯುವುದಿಲ್ಲ. ಸೀಸ ಒಳಗೆ ಉಳಿದು ಕೀವಾಗಿ ಎಷ್ಟೋ ದಿನ ನರಳಿ ಸಾಯುತ್ತದೆ. ನಾನು ಒಮ್ಮೆ ನಮ್ಮ ಬಾವಿಕಟ್ಟೆಯ ಹತ್ತಿರ ಅಂಥದ್ದೊಂದು ಮರಿ ನೋಡಿದ್ದೇನೆ. ಅದರ ತಾಯಿ ಎರಡು ದಿನ ಅಲ್ಲಿಂದ ಹೋಗಲಿಲ್ಲ.

ಮಗಳಿಗೆ ಕಲಿಸುವುದು ಮಾತ್ರ ತುಂಬಾ ಒಳ್ಳೆಯದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲೇ. ಆ ಗುರಿಕಾಗದದ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಪೆಲೆಟ್ಟಿಗಿಂತ ಎಷ್ಟೋ ಸಣ್ಣದು. ಈಗಿನ ಸ್ಪರ್ಧೆಯ ರೈಫಲ್‌ಗಳಲ್ಲಿ ಸ್ಪ್ರಿಂಗ್ ಇಲ್ಲ, ಸಿಲಿಂಡರಿನಲ್ಲಿ ತುಂಬಿದ ಗಾಳಿ. ಆದರೆ ಸ್ಪ್ರಿಂಗ್ ಕೋವಿಯಲ್ಲಿ ಕಲಿತವರ ಕೈ ತುಂಬಾ ಗಟ್ಟಿ, ಯಾಕೆಂದರೆ ಅದು ಸಣ್ಣ ತಪ್ಪನ್ನೂ ಕಾಗದದ ಮೇಲೆ ತೋರಿಸಿಬಿಡುತ್ತದೆ.

ಉಪ್ಪಳ ಬೀಚ್:

ಇಷ್ಟೆಲ್ಲ ತಲೆಬಿಸಿ ಯಾಕೆ? ಆನ್‌ಲೈನಿನಲ್ಲಿ ಹೆವಿ ಸ್ಪ್ರಿಂಗ್ ಸಿಗುತ್ತದೆ, ರಬ್ಬರ್ ಸೀಲ್ ಸಿಗುತ್ತದೆ. ಎರಡೂ ಹಾಕಿದರೆ ಆಯಿತು, ಹೊಸ ಕೋವಿಗಿಂತ ಜೋರು ಹೋಗುತ್ತದೆ. ನನ್ನ ಹತ್ತಿರ ಇರುವ ಹೊಸದಕ್ಕೆ ನಾನು ಹಾಗೇ ಮಾಡಿದ್ದು.

ಹೊಸಂಗಡಿ ಲೇತ್:

ಉಪ್ಪಳದವರೇ, ನಿಮ್ಮ ಹೊಸ ಕೋವಿಯ ವಿಷಯ ನನಗೆ ಗೊತ್ತಿಲ್ಲ. 27ಕ್ಕೆ ಮಾತ್ರ ಅದನ್ನು ಹೇಳಬೇಡಿ.

ಪೆಲೆಟ್ಟನ್ನು ದೂಡುವುದು ಸ್ಪ್ರಿಂಗ್ ಅಲ್ಲ, ಗಾಳಿ. ಆ ಗಾಳಿ ಸಿಲಿಂಡರಿನಿಂದ ಬ್ಯಾರಲಿಗೆ ಹೋಗಲಿಕ್ಕೆ ಇರುವುದು ಒಂದು ಸಣ್ಣ ತೂತು. ಸ್ಪ್ರಿಂಗ್ ಎಷ್ಟು ಗಟ್ಟಿ ಹಾಕಿದರೂ ಆ ತೂತು ದೊಡ್ಡದಾಗುವುದಿಲ್ಲ, ಸಿಲಿಂಡರಿನಲ್ಲಿ ಇರುವ ಗಾಳಿಯೂ ಜಾಸ್ತಿ ಆಗುವುದಿಲ್ಲ. ಪಿಸ್ಟನ್ ಅತೀ ಬೇಗ ಬಂದರೆ ಗಾಳಿಗೆ ಬಡಿದು ವಾಪಸ್ ಪುಟಿಯುತ್ತದೆ. ಬಲ ಒಂದು ಚೂರು ಜಾಸ್ತಿ ಆಗಬಹುದು, ಒದೆತ ಮಾತ್ರ ಎರಡು ಪಾಲು. ಗುರಿ ಹಾಳು. ಒಂಬತ್ತನೇ ಕ್ಲಾಸಿನ ಹುಡುಗಿಗೆ ಬ್ಯಾರಲ್ ಎಳೆಯಲಿಕ್ಕೂ ಆಗುವುದಿಲ್ಲ. ಆ ಮೂರು ಗುಂಡುಗಳ ಟ್ರಿಗರ್ ಮೇಲೂ ಭಾರ ಜಾಸ್ತಿ.

ನಾನು ಟ್ಯೂನಿಂಗ್ ಅನ್ನುವುದು ಜೋರು ಮಾಡುವುದಕ್ಕಲ್ಲ. ಒಂದೊಂದು ಹೊಡೆತವೂ ಹಿಂದಿನದ್ದರ ಹಾಗೆಯೇ ಆಗಬೇಕು, ಕೈಗೆ ನಯ ಅನಿಸಬೇಕು. ಹಳೇ ಕೋವಿ ಸೋಲುವುದು ಹೆಚ್ಚಾಗಿ ಗಾಳಿ ಸೋರಿ. ಸ್ಪ್ರಿಂಗಿನ ಮೇಲೆ ತಪ್ಪು ಹಾಕುವ ಮೊದಲು ಸೋರಿಕೆ ಹುಡುಕಿ.

ಸೋರುವುದು ಎರಡು ಕಡೆ. ಪಿಸ್ಟನ್ ತಲೆಯ ವಾಷರ್, ಮತ್ತೆ ಬ್ಯಾರಲ್ ಮಡಚುವ ಜಾಗದ ವಾಷರ್. ಎರಡನೆಯದನ್ನು ಬಿಚ್ಚದೆಯೇ ನೋಡಬಹುದು, ಆ ಸಂದಿನ ಮೇಲೆ ತೆಳು ಟಿಶ್ಯೂ ಕಾಗದದ ಪಟ್ಟಿ ಇಟ್ಟು ಪೆಲೆಟ್ ಹಾಕಿ ಒಂದು ಹೊಡೆತ ಹೊಡೆದರೆ ಕಾಗದ ಅಲುಗುತ್ತದಾ ನೋಡಿ. ಅಲುಗಿದರೆ ಸೋರುತ್ತಿದೆ. ಆದರೆ ನಿಮ್ಮದನ್ನು ಈಗ ಹೊಡೆಯಬೇಡಿ, ಎಣ್ಣೆ ಪೂರ್ತಿ ತೊಳೆದ ಮೇಲೆ.

ಬಾಯಾರು ಪದವು:

ವಾಷರ್ ವಿಷಯಕ್ಕೆ ನಾನು ಬರೆಯುತ್ತೇನೆ, ನಾನೇ ಮಾಡಿ ನೋಡಿದ್ದು ಇದು.

07 58 ಅಂದರೆ 1958ರ ಜುಲೈ. 1958ರದ್ದಾದರೆ ಒಳಗೆ ಚರ್ಮದ ವಾಷರ್ ಇರುತ್ತದೆ. ತೋಟದವರಿಗೆ ಇದು ಹೊಸದಲ್ಲ. ಅಡಿಕೆಗೆ ಬೋರ್ಡೋ ಮದ್ದು ಬಿಡುವ ಹಳೇ ರಾಕರ್ ಪಂಪಿನಲ್ಲಿ ಬಟ್ಟಲಿನ ಹಾಗಿನ ಚರ್ಮದ ವಾಷರ್ ಇರುತ್ತಿತ್ತಲ್ಲ, ಅದೇ ಜಾತಿ. ಗ್ಯಾಸ್‌ಲೈಟಿನ (ಪೆಟ್ರೋಮ್ಯಾಕ್ಸ್) ಪಂಪಿನಲ್ಲೂ ಅದೇ. ಯಕ್ಷಗಾನ ಆಟದ ಚೌಕಿಯಲ್ಲಿ ಗ್ಯಾಸ್‌ಲೈಟ್ ಗಾಳಿ ಹಿಡಿಯದಿದ್ದರೆ ಹಿರಿಯರು ಏನು ಮಾಡುತ್ತಿದ್ದರು? ಪಂಪ್ ಎಳೆದು ವಾಷರಿಗೆ ಒಂದು ಹನಿ ಎಣ್ಣೆ ಹಾಕಿ ಬೆರಳಿನಲ್ಲಿ ಅಂಚು ಅಗಲ ಮಾಡಿ ಕೂರಿಸುತ್ತಿದ್ದರು. ಒಣಗಿದ ಚರ್ಮ ಕುಗ್ಗುತ್ತದೆ, ಗಾಳಿ ಬದಿಯಿಂದ ಹೋಗುತ್ತದೆ. ನಿಮ್ಮ ಕೋವಿಗೂ ಅಷ್ಟೇ ಆದದ್ದು.

ಒಮ್ಮೊಮ್ಮೆ ಹಳೇ ವಾಷರನ್ನೇ ಎಣ್ಣೆಯಲ್ಲಿ ಎರಡು ದಿನ ನೆನೆಸಿದರೆ ಜೀವ ಬರುತ್ತದೆ. ನಿಮ್ಮದು ಸುಟ್ಟಿರುತ್ತದೆ, ಹಾಗಾಗಿ ಹೊಸದು ಮಾಡಿ. ಚರ್ಮ ಎಂಥದ್ದು ಅನ್ನುವುದು ಮುಖ್ಯ. ಚೆಂಡೆ ಮದ್ದಳೆಗೆ ಹಾಕುವ ಹಸಿ ಚರ್ಮ ಆಗುವುದಿಲ್ಲ, ಅದು ಒಣಗಿದರೆ ಹಲಗೆಯ ಹಾಗೆ. ಬ್ಯಾಗು, ಜಾಕೆಟಿನ ಮೆತ್ತಗಿನ ಚರ್ಮವೂ ಬೇಡ, ಅದು ಕೊಟ್ಟ ಆಕಾರ ಹಿಡಿಯುವುದಿಲ್ಲ. ಮರದ ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮ, ಚಪ್ಪಲಿಯ ಅಟ್ಟೆಗೆ ಹಾಕುವಂಥದ್ದು, 3 ಮಿ.ಮೀ. ದಪ್ಪದ್ದು ಬೇಕು. ಚಪ್ಪಲಿ ಹೊಲಿಯುವವರ ಹತ್ತಿರ ಕೇಳಿದರೆ ಅಂಗೈಯಷ್ಟು ತುಂಡು ಕೊಡುತ್ತಾರೆ.

ಸಿಲಿಂಡರಿನ ಒಳ ಅಳತೆಯನ್ನು ವರ್ನಿಯರಿನಲ್ಲಿ ತೆಗೆದು, ಅದೇ ಅಳತೆಯ ತೂತಿರುವ ಕಬ್ಬಿಣದ ಬಳೆ ಒಂದನ್ನು ಲೇತಿನಲ್ಲಿ ಮಾಡಿಸಿ. ಚರ್ಮವನ್ನು ದುಂಡಗೆ ಕತ್ತರಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಮೊದಲು ಗುಳ್ಳೆ ಬರುತ್ತದೆ, ಗುಳ್ಳೆ ನಿಂತಿತು ಅಂದರೆ ನೀರು ಕುಡಿದು ಆಯಿತು. ಆಗ ಅದು ಮೆತ್ತಗೆ, ನೀರುದೋಸೆಯಷ್ಟಲ್ಲದಿದ್ದರೂ, ಬೆರಳಿಗೆ ಬಾಗುವಷ್ಟು ಆಗಿರುತ್ತದೆ. ಬಳೆಯ ಮೇಲಿಟ್ಟು ನಡುವೆ ಬೋಲ್ಟ್ ಹಾಕಿ ನಿಧಾನಕ್ಕೆ ಎಳೆಯಿರಿ, ಬಟ್ಟಲಿನ ಆಕಾರಕ್ಕೆ ಬರುತ್ತದೆ. ಹಾಗೆಯೇ ಎರಡು ದಿನ ನೆರಳಿನಲ್ಲಿ ಇಡಿ. ಬಿಸಿಲಿಗೆ, ಒಲೆಯ ಮೇಲೆ ಇಟ್ಟರೆ ಸುಕ್ಕಾಗುತ್ತದೆ, ನಾನು ಮೊದಲನೆಯದನ್ನು ಹಾಗೇ ಹಾಳು ಮಾಡಿದ್ದು. ಒಣಗಿದ ಮೇಲೆ ಅಂಚನ್ನು ಹೊಸ ಬ್ಲೇಡಿನಲ್ಲಿ ಸಮ ಮಾಡಿ, ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿ.

ಎಣ್ಣೆ ಅಂದರೆ, ಹಿಂದಿನಿಂದ ಬಳಸುವುದು ನೀಟ್ಸ್‌ಫುಟ್. ಅದು ದನದ ಕಾಲಿನ ಎಲುಬಿನಿಂದ ತೆಗೆಯುವ ಎಣ್ಣೆ. ಮನೆಯಲ್ಲಿ ಅದು ಬೇಡ ಅಂತಿದ್ದರೆ ಸಿಲಿಕೋನ್ ಎಣ್ಣೆ ಆಗುತ್ತದೆ, ಅದು ಬೇಗ ಹೊತ್ತಿಕೊಳ್ಳುವುದೂ ಇಲ್ಲ. ಆದರೆ ಸಿಲಿಕೋನ್ ಚರ್ಮಕ್ಕೆ ಮಾತ್ರ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವಲ್ಲಿ ಅದು ಕೆಲಸ ಮಾಡುವುದಿಲ್ಲ.

ಕೂರಿಸುವಾಗ ಬಟ್ಟಲಿನ ಬಾಯಿ ಬ್ಯಾರಲಿನ ಕಡೆಗೆ ಇರಬೇಕು. ಗಾಳಿ ಒತ್ತಿದ ಹಾಗೆ ಅಂಚು ಹೊರಗೆ ಅಗಲವಾಗಿ ಗೋಡೆಗೆ ಅಂಟುತ್ತದೆ. ಹೆಬ್ಬೆರಳಿನಲ್ಲಿ ದೂಡಿದರೆ ಸ್ವಲ್ಪ ಬಿಗಿಯಾಗಿ ಹೋಗುತ್ತಿದ್ದರೆ ಅಳತೆ ಸರಿ.

ಪೆರ್ಲದ ತೋಟದವ:

ಎಲ್ಲರಿಗೂ ತುಂಬಾ ಧನ್ಯವಾದ. ತುಕ್ಕು ಉಜ್ಜಿ ನೋಡಿದೆ, 4.5 ಎಂದೇ ಇದೆ. ಮನಸ್ಸು ಹಗುರ ಆಯಿತು. ಅಮ್ಮನ ಹತ್ತಿರ ಹೇಳಿದಾಗ ಅವರು ಸುಮ್ನೆ ತಲೆ ಆಡಿಸಿದರು, ಆದರೆ ಮರುದಿನ ಅವರೇ ಕೋವಿಯ ಮರವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದರು.

ಹಲಸಿನ ಹಲಗೆಯ ಕ್ಲಾಂಪ್ ಮಾಡಿ ಮೊನ್ನೆ ಭಾನುವಾರ ಬಿಚ್ಚಿದೆವು. ಪಿನ್ ತೆಗೆದ ಮೇಲೆ ರಾಡ್ ತಿರುಗಿಸುತ್ತಾ ಹೋದರೆ ಬ್ಲಾಕ್ ಹೊರಗೆ ಬರುತ್ತಲೇ ಇತ್ತು, ನಾಲ್ಕು ಬೆರಳಿನ ಹತ್ತಿರ ಬಂದ ಮೇಲೆ ಸಡಿಲ ಆಯಿತು. ಬರಿಗೈಯಲ್ಲಿ ತೆಗೆದಿದ್ದರೆ ಏನಾಗುತ್ತಿತ್ತು ಅಂತ ಆಗ ಗೊತ್ತಾಯಿತು. ಮೂರು ಗುಂಡುಗಳಲ್ಲಿ ಎರಡು ಬಟ್ಟೆಯ ಮೇಲೆ ಬಿದ್ದವು, ಒಂದು ಕಾಣಲಿಲ್ಲ. ಮಗಳು ಟಾರ್ಚ್ ಹಿಡಿದು ಒಂದು ಗಂಟೆ ಹುಡುಕಿದಳು. ಕೊನೆಗೆ ನೋಡಿದರೆ ಅದು ಹಳೇ ಗ್ರೀಸಿಗೆ ಅಂಟಿ ಬ್ಲಾಕಿನೊಳಗೇ ಕೂತಿತ್ತು.

ಒಳಗೆ ಕಂಡದ್ದು: ಚರ್ಮದ ವಾಷರ್ ಕಪ್ಪಗೆ ಇದ್ದಿಲಿನ ಹಾಗೆ ಆಗಿದೆ, ಉಗುರಿನಲ್ಲಿ ಒತ್ತಿದರೆ ಪುಡಿ. ಸ್ಪ್ರಿಂಗನ್ನು ಟೈಲ್ಸ್ ನೆಲದ ಮೇಲೆ ಉರುಳಿಸಿದರೆ ಕುಂಟುತ್ತಾ ಹೋಗುತ್ತದೆ. ಹಿಂದಿನ ತುದಿಯ ಒಂದು ಸುತ್ತು ಮುರಿದಿದೆ, ಕರಕರ ಅನ್ನುತ್ತಿದ್ದದ್ದು ಅದೇ ಇರಬೇಕು. ಸಿಲಿಂಡರಿನೊಳಗೆ ಗೋಡೆ ಮಾತ್ರ ಹೊಳೆಯುತ್ತಿದೆ, ಗೀರು ಇಲ್ಲ. ಈಗ ಸ್ಪ್ರಿಂಗ್ ಏನು ಮಾಡಲಿ? ಆ ಟೊಂಯ್ ಸದ್ದಿಗೆ ಏನು ಮದ್ದು?

ಹೊಸಂಗಡಿ ಲೇತ್:

ಸಿಲಿಂಡರಿನಲ್ಲಿ ಗೀರು ಇಲ್ಲ ಅಂದರೆ ನಿಮ್ಮ ಅದೃಷ್ಟ ಗಟ್ಟಿ, ಉಳಿದದ್ದೆಲ್ಲ ಸರಿ ಮಾಡಲಿಕ್ಕೆ ಆಗುವಂಥದ್ದು.

ಸ್ಪ್ರಿಂಗ್ ಹೊಸದೇ ಬೇಕು. ಹಳತರ ತಂತಿಯ ದಪ್ಪ, ಹೊರ ಅಳತೆ, ಸುತ್ತಿನ ಲೆಕ್ಕ ಬರೆದುಕೊಂಡು 27ಕ್ಕೆಂದೇ ಮಾಡಿದ್ದನ್ನು ತರಿಸಿ. ಗುಜರಿಯ ಸ್ಪ್ರಿಂಗ್ ಬೇಡ, ಅದರ ಉಕ್ಕು ಈ ಕೆಲಸಕ್ಕೆ ಹದ ಮಾಡಿದ್ದಲ್ಲ. ಬಂದ ಮೇಲೆ ಎರಡು ತುದಿಗಳನ್ನು ಸಣ್ಣ ಪಾಲಿಷ್ ಕಾಗದದಲ್ಲಿ ಕನ್ನಡಿಯ ಹಾಗೆ ನಯ ಮಾಡಿ. ಒತ್ತುವಾಗ ಸ್ಪ್ರಿಂಗ್ ತಿರುಗುತ್ತದೆ, ತುದಿ ಒರಟಾಗಿದ್ದರೆ ಆ ತಿರುಗುವುದು ಕೈಗೆ ಗೊತ್ತಾಗುತ್ತದೆ.

ಟೊಂಯ್ ಅನ್ನುವುದು ಸ್ಪ್ರಿಂಗ್ ಪಿಸ್ಟನಿನೊಳಗೆ ಸಡಿಲವಾಗಿ ಅಲುಗುವುದರಿಂದ. ಅದಕ್ಕೆ ಖರ್ಚಿಲ್ಲದ ಮದ್ದು ಉಂಟು. ತಂಪು ಪಾನೀಯದ ಬಾಟಲಿಯ ನಡುವಿನ ಭಾಗ ಕತ್ತರಿಸಿ ಹಾಳೆ ಮಾಡಿ, ಸುರುಳಿ ಸುತ್ತಿ ಪಿಸ್ಟನ್ ಒಳಗೆ ಗೋಡೆಗೆ ಒರಗುವ ಹಾಗೆ ಕೂರಿಸಿ. ಒಂದೇ ಸುತ್ತು, ಅಂಚಿನ ಮೇಲೆ ಅಂಚು ಬರಬಾರದು. ಸ್ಪ್ರಿಂಗ್ ಅದರೊಳಗೆ ಸಲೀಸಾಗಿ ಜಾರಬೇಕು, ಯಾಕೆಂದರೆ ಒತ್ತಿದಾಗ ಸ್ಪ್ರಿಂಗ್ ಸ್ವಲ್ಪ ದಪ್ಪ ಆಗುತ್ತದೆ. ಸ್ಪ್ರಿಂಗಿನ ಮೇಲೆ ಅಂಟು ಗ್ರೀಸ್ ತೆಳ್ಳಗೆ, ಬೆರಳಿನಲ್ಲಿ ಸವರಿ ಒರೆಸಿದಷ್ಟು ಸಾಕು. ಪಿಸ್ಟನಿನ ಹಿಂಭಾಗ ಸಿಲಿಂಡರಿಗೆ ಉಜ್ಜುವಲ್ಲಿ ಮೋಲಿ ಪೇಸ್ಟ್ (ಮಾಲಿಬ್ಡಿನಮ್ ಸೇರಿದ ಕಪ್ಪು ಗ್ರೀಸ್). ವಾಷರಿನ ಮುಂದೆ ಮಾತ್ರ ಏನೂ ಇರಕೂಡದು. ಅಲ್ಲಿ ಗ್ರೀಸ್ ಹೋದರೆ ಮತ್ತೆ ಗರ್ನಾಲು.

ಮೂರು ಗುಂಡುಗಳನ್ನು ಗ್ರೀಸಿನಲ್ಲಿ ಅಂಟಿಸಿ ಕೂರಿಸಿದರೆ ಬ್ಲಾಕ್ ದೂಡುವಾಗ ಬೀಳುವುದಿಲ್ಲ. ಜೋಡಿಸಿದ ಮೇಲೆ ಬ್ಯಾರಲಿನ ಮಡಚುವ ಬೋಲ್ಟ್ ಬಿಗಿ ನೋಡಿ, ಮಡಚಿ ಬಿಟ್ಟರೆ ಬಿಟ್ಟಲ್ಲೇ ನಿಲ್ಲಬೇಕು. ತಾನಾಗಿ ಕೆಳಗೆ ಬಿದ್ದರೆ ಸಡಿಲ.

ಇದನ್ನು ಮಗಳಿಗೆ ಮೊದಲೇ ಕಲಿಸಿ. ಪೆಲೆಟ್ ಹಾಕುವಾಗ ಇನ್ನೊಂದು ಕೈ ಬ್ಯಾರಲನ್ನು ಬಿಗಿ ಹಿಡಿದೇ ಇರಬೇಕು, ಬಿಡಲೇಬಾರದು. ಕಾಕ್ ಆದ ಸ್ಪ್ರಿಂಗ್ ತಪ್ಪಿದರೆ ಬ್ಯಾರಲ್ ಕತ್ತಿಯ ಹಾಗೆ ಮೇಲೆ ಬರುತ್ತದೆ, ನಡುವೆ ಇದ್ದ ಬೆರಳು ಹೋಯಿತು.

ನೀರ್ಚಾಲಿನವಳು:

ತುಕ್ಕಿನ ಬಗ್ಗೆ ಯಾರೂ ಹೇಳಲಿಲ್ಲ. ದಯವಿಟ್ಟು ಆಸಿಡ್ ಹಾಕಬೇಡಿ, ಅಂಗಡಿಯ ತುಕ್ಕು ತೆಗೆಯುವ ದ್ರಾವಣವೂ ಬೇಡ. ತುಕ್ಕಿನ ಜೊತೆ ಹಳೇ ಕಪ್ಪು ಬಣ್ಣವೂ ಹೋಗಿ ಕಬ್ಬಿಣ ಬೆತ್ತಲೆ ಆಗುತ್ತದೆ.

ನಾನು ನಮ್ಮಪ್ಪನ ಕೋವಿಯ ಬ್ಯಾರಲಿಗೆ ಮಾಡಿದ್ದು ಹೀಗೆ. ಎಣ್ಣೆಯ ಅಂಶ ಪೂರ್ತಿ ಹೋಗುವ ಹಾಗೆ ಸೋಪಿನಲ್ಲಿ ತೊಳೆದೆ. ಮೂರು ಇಂಚಿನ ಕಬ್ಬಿಣದ ಪೈಪಿನ ತುಂಡಿಗೆ ಒಂದು ಬದಿ ಮುಚ್ಚಿ ವೆಲ್ಡ್ ಮಾಡಿಸಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು (ಆಸಿಡ್ ಅಲ್ಲ) ತುಂಬಿ ಬಚ್ಚಲ ಒಲೆಯಲ್ಲಿ ನಿಲ್ಲಿಸಿ, ವಾಷರ್ ತೆಗೆದ ಬ್ಯಾರಲನ್ನು ಅದರಲ್ಲಿ ಇಳಿಬಿಟ್ಟು ಇಪ್ಪತ್ತು ನಿಮಿಷ ಕುದಿಸಿದೆ. ಹೊರಗೆ ತೆಗೆದಾಗ ಕೆಂಪು ತುಕ್ಕು ಇಲ್ಲ! ಎಲ್ಲ ಕಪ್ಪು, ಮಖಮಲ್ಲಿನ ಹಾಗೆ. ತುಕ್ಕು ಎಲ್ಲಿಗೂ ಹೋಗಿಲ್ಲ, ಕುದಿಯುವ ನೀರಿನಲ್ಲಿ ಕೆಂಪು ಆಕ್ಸೈಡ್ ಕಪ್ಪು ಆಕ್ಸೈಡ್ ಆಗುತ್ತದೆ. ಬಿಸಿಗೆ ತಾನೇ ಒಣಗುತ್ತದೆ. ಅತಿ ಸಣ್ಣ ಸ್ಟೀಲ್ ವೂಲಿನಲ್ಲಿ ಹಗುರಕ್ಕೆ ಉಜ್ಜಿದರೆ ಮೇಲಿನ ಪುಡಿ ಉದುರಿ ಕೆಳಗೆ ಗಟ್ಟಿ ಕಪ್ಪು ಉಳಿಯಿತು. ಬೆಳಕಿಗೆ ಹಿಡಿದರೆ ಒಳಗಿಂದ ಒಂದು ನೀಲಿ ಛಾಯೆ ಬರುತ್ತದೆ, ಬೀಟೆ ಮರದ ಹಾಗೆ ತಣ್ಣಗಿನ ಹೊಳಪು. ಕೂಡಲೇ ಮೆಷಿನ್ ಎಣ್ಣೆ ಹಚ್ಚಿದೆ. ತುಕ್ಕು ಆಳಕ್ಕೆ ತಿಂದ ಗುಂಡಿಗಳು ಹಾಗೆಯೇ ಉಳಿದವು, ಅವನ್ನು ನಾನು ಮುಟ್ಟಲಿಲ್ಲ. ಅಪ್ಪನ ಕೈ ತಾಗಿದ ಜಾಗದಲ್ಲೇ ಅವು ಇದ್ದದ್ದು.

ಮರಕ್ಕೆ ವಾರ್ನಿಷ್ ಬೇಡ, ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ದಿನಕ್ಕೆ ಒಂದೇ ಸಲ, ಒಂದು ವಾರ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹಗ್ಗಕ್ಕೆ ಹಾಕಿ.

ಪೆರ್ಲದ ತೋಟದವ:

ಕೆಲಸ ಮುಗಿಯಿತು! ಬರೆಯಲಿಕ್ಕೆ ತಡ ಆಯಿತು, ಸ್ಪ್ರಿಂಗ್ ಬರಲಿಕ್ಕೇ ಮೂರು ವಾರ ಹಿಡಿಯಿತು.

ಎರಡನೇ ಪ್ರಯತ್ನದ ವಾಷರ್ ಸರಿ ಕೂತಿತು. ಮೊದಲನೆಯದನ್ನು ನಾನೂ ಅವಸರಕ್ಕೆ ಬಿಸಿಲಿಗಿಟ್ಟು ಸುಕ್ಕು ಮಾಡಿದೆ, ಬಾಯಾರಿನವರು ಹೇಳಿದ ಮೇಲೂ. ಬಾಟಲಿಯ ಪ್ಲಾಸ್ಟಿಕ್ ಹಾಕಿ ಜೋಡಿಸಿದ ಮೇಲೆ ಮೊದಲ ಐದಾರು ಹೊಡೆತ ಸ್ವಲ್ಪ ಹೊಗೆ ಬಂತು, ಆಮೇಲೆ ನಿಂತಿತು. ಈಗಿನ ಸದ್ದು ಹೇಗೆ ಹೇಳಲಿ, ಹಣ್ಣಡಿಕೆ ಒದ್ದೆ ಮಣ್ಣಿಗೆ ಬಿದ್ದ ಹಾಗೆ, ಟಪ್, ಅಷ್ಟೇ. ಟೊಂಯ್ ಇಲ್ಲವೇ ಇಲ್ಲ.

ಹೊಸಂಗಡಿಯವರು ತಮ್ಮ ಪರಿಚಯದವರ ವೇಗ ಅಳೆಯುವ ಯಂತ್ರ ತಂದು ಅಳೆದುಕೊಟ್ಟರು. 0.53 ಗ್ರಾಮಿನ ಪೆಲೆಟ್, ಐದು ಹೊಡೆತ: ಸೆಕೆಂಡಿಗೆ 162, 165, 164, 166, 163 ಮೀಟರ್. ಲೆಕ್ಕ ಹಾಕಿದರೆ 7 ಜೌಲ್ ಚಿಲ್ಲರೆ. ಇಪ್ಪತ್ತರ ಹತ್ತಿರವೂ ಇಲ್ಲ, ಕಾಗದಕ್ಕೆ ಇದು ಧಾರಾಳ. ನನಗೆ ಖುಷಿ ಕೊಟ್ಟದ್ದು ಆ ಐದು ಅಂಕೆ ಅಷ್ಟು ಹತ್ತಿರ ಹತ್ತಿರ ಇದ್ದದ್ದು.

ಒಂದು ಸಂದೇಹ. ಹತ್ತು ಮೀಟರಿನಲ್ಲಿ ಮಗಳು ಮೇಜಿನ ಮೇಲೆ ಗಟ್ಟಿ ಒತ್ತಿ ಹಿಡಿದು ಹೊಡೆದರೆ ಪೆಲೆಟ್‌ಗಳು ಅಂಗೈ ಅಗಲಕ್ಕೆ ಚದುರುತ್ತವೆ. ಅವಳು ಸಡಿಲ ಹಿಡಿದು ನಿಂತು ಹೊಡೆದಾಗ ಅದಕ್ಕಿಂತ ಚೆನ್ನಾಗಿ ಬರುತ್ತದೆ. ಇದು ಉಲ್ಟಾ ಅಲ್ವಾ?

ಮುಳ್ಳೇರಿಯದ ಮೇಷ್ಟ್ರು:

ಉಲ್ಟಾ ಅಲ್ಲ, ಸ್ಪ್ರಿಂಗ್ ಕೋವಿಯ ಸ್ವಭಾವವೇ ಅದು. ಪಿಸ್ಟನ್ ಮುಂದೆ ಹೊರಟಾಗ ಕೋವಿ ಹಿಂದೆ ಒದೆಯುತ್ತದೆ, ಪಿಸ್ಟನ್ ಮುಂದೆ ಹೋಗಿ ನಿಂತಾಗ ಕೋವಿ ಮುಂದೆ ಜಗ್ಗುತ್ತದೆ. ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ಈ ಅಲುಗಾಟ ಶುರುವಾಗಿರುತ್ತದೆ. ಗಟ್ಟಿ ಹಿಡಿದರೆ ಪ್ರತಿ ಸಲ ಬೇರೆ ಬೇರೆ ಕಡೆಗೆ ತಿರುಗುತ್ತದೆ. ಅದಕ್ಕೆ ಅದರಷ್ಟಕ್ಕೆ ಅಲುಗಲು ಬಿಡಬೇಕು. ಎಡಗೈಯನ್ನು ತೆರೆದು ಅಂಗೈಯ ಮೇಲೆ ಕೋವಿ ಸುಮ್ನೆ ಕೂರಿಸಿ, ಬೆರಳು ಸುತ್ತಬಾರದು. ಭುಜಕ್ಕೂ ತಾಗಿದಷ್ಟೇ. ಪ್ರತಿ ಸಲವೂ ಒಂದೇ ಜಾಗ, ಒಂದೇ ಹಿಡಿತ. ಮಗಳು ಅದನ್ನು ತಾನೇ ಕಂಡುಕೊಂಡಿದ್ದಾಳೆ, ಅವಳ ಕೈಗೆ ಬುದ್ಧಿ ಇದೆ.

ಗುರಿಯ ಹಿಂದೆ ಕೆಂಪುಕಲ್ಲಿನ ಗೋಡೆ ಮಾತ್ರ ಇದ್ದರೆ ಪೆಲೆಟ್ ವಾಪಸ್ ಬರುತ್ತದೆ. ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ಒತ್ತಿ ತುಂಬಿ ಇಡಿ. ಕಣ್ಣಿಗೆ ಕನ್ನಡಕ ಹಾಕಿಸಿ. ಪೆಲೆಟ್ ಸೀಸದ್ದು, ಆಟ ಮುಗಿದ ಮೇಲೆ ಕೈ ತೊಳೆಯದೆ ತಿಂಡಿಗೆ ಕೂರುವುದು ಬೇಡ.

ನೀರ್ಚಾಲಿನವಳು:

ಆಟಿ ತಿಂಗಳ ಜೋರು ಮಳೆ ಬರುತ್ತಿದೆ. ಕೋವಿಯನ್ನು ಚೀಲದೊಳಗೆ ಹಾಕಿ ಕಪಾಟಿನಲ್ಲಿ ಮುಚ್ಚಿಡಬೇಡಿ, ಬೂಸಲು ಬರುತ್ತದೆ. ಕಾಕ್ ಮಾಡಿದ ಹಾಗೆಯೂ ಇಡಬೇಡಿ. ಒಲೆಯ ಬಿಸಿ ತಾಗುವ ಒಳಗೋಡೆ ಯಾವುದಾದರೂ ಇದ್ದರೆ ಅಲ್ಲಿ, ಮಕ್ಕಳ ಕೈಗೆ ಸಿಗದಷ್ಟು ಮೇಲೆ ನೇತುಹಾಕಿ. ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ.

ಪೆರ್ಲದ ತೋಟದವ:

ಚಾವಡಿಯ ಆ ಎರಡು ಮೊಳೆ ಹಾಗೆಯೇ ಇವೆ, ಗೋಡೆಯ ಆಚೆ ಅಡಿಗೆಮನೆಯ ಒಲೆ. ಅಜ್ಜ ಯಾಕೆ ಅಲ್ಲೇ ಇಟ್ಟಿದ್ದರು ಅಂತ ಈಗ ಗೊತ್ತಾಯಿತು. ಇವತ್ತು ಸಂಜೆ ಅಲ್ಲೇ ಹಾಕಿದೆವು.